ಆಯವ್ಯಯಕ್ಕೆ ಮುನ್ನ ಗ್ರಾಮಸಭೆ

ಮಳೆಗಾಲದಲ್ಲಿ ಶಾಲೆಯ ಮಾಡು ಸೋರತೊಡಗಿದ ಮೇಲೆ ಹೆತ್ತವರು ಮನವಿ ಹಿಡಿದು ಪಂಚಾಯತು ಕಚೇರಿಯ ಮೆಟ್ಟಿಲೇರುವುದು ಕಾಸರಗೋಡಿನಲ್ಲಿ ಹೊಸತಲ್ಲ. ಆ ವೇಳೆಗೆ ಆ ವರ್ಷದ ಆಯವ್ಯಯ ಅಂಗೀಕಾರವಾಗಿ ತಿಂಗಳುಗಳೇ ಕಳೆದಿರುತ್ತವೆ.

ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ನಿಧಿಯ ಶೇಕಡ 35ರಿಂದ 40ರಷ್ಟು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಡಲಾಯಿತು. ಆ ಹಣದ ಹಾದಿ ಹೊರಡುವುದು ಗ್ರಾಮಸಭೆಯಿಂದ. ಅಲ್ಲಿ ದಾಖಲಾದ ಬೇಡಿಕೆಗಳನ್ನು ಕಾರ್ಯತಂಡಗಳು ತೂಗಿ ನೋಡುತ್ತವೆ. ಅಭಿವೃದ್ಧಿ ವಿಚಾರ ಸಂಕಿರಣ ಚರ್ಚಿಸುತ್ತದೆ. ಆಡಳಿತ ಸಮಿತಿ ಆದ್ಯತೆ ನಿರ್ಧರಿಸಿದ ಬಳಿಕ ಜಿಲ್ಲಾ ಯೋಜನಾ ಸಮಿತಿಯ ಅನುಮೋದನೆ. ಉಪಾಧ್ಯಕ್ಷರು ಆಯವ್ಯಯ ಮಂಡಿಸುವ ದಿನ ಹೊಸ ಬೇಡಿಕೆಗೆ ಎಡೆ ಕಡಿಮೆ.

ಯಾರನ್ನು ಕೇಳಬೇಕೆಂಬುದರಲ್ಲೂ ಗೊಂದಲವುಂಟು. ಸರಕಾರಿ ಪ್ರಾಥಮಿಕ ಶಾಲೆ ಗ್ರಾಮ ಪಂಚಾಯತಿನ ಹೊಣೆ, ಪ್ರೌಢಶಾಲೆ ಜಿಲ್ಲಾ ಪಂಚಾಯತಿನದು. ಅನುದಾನಿತ ಶಾಲೆಯ ಕಟ್ಟಡವಾದರೋ ವ್ಯವಸ್ಥಾಪಕರ ಜವಾಬ್ದಾರಿ. ಕನ್ನಡ ಶಾಲೆಗಳಲ್ಲಿ ಅಂತಹವು ಕಡಿಮೆಯೇನಿಲ್ಲ.

ಮಲೆಯಾಳದಲ್ಲಿ ಬಂದ ಗ್ರಾಮಸಭೆಯ ನೋಟೀಸನ್ನು ಓದದೆ ಮೂಲೆಗಿಡುವ ಕನ್ನಡ ಮನೆಗಳಿವೆ. ನಷ್ಟ ಮಕ್ಕಳದೇ. ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು 1969ರ ಭಾಷಾ ಕಾಯಿದೆಯೇ ಕೊಟ್ಟಿರುವಾಗ, ಸ್ವಂತ ವಾರ್ಡಿನ ಸಭೆಯಲ್ಲಿ ಕನ್ನಡ ಮಾತನಾಡಲು ಸಂಕೋಚವೇಕೆ?

ಕನಿಷ್ಠ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕೆಂಬುದು ಕೇರಳ ಪಂಚಾಯತು ರಾಜ್ ಕಾಯಿದೆಯ ನಿಯಮ. ಹಿಂದಿನ ಸಭೆಯ ತೀರ್ಮಾನ ಜಾರಿಯಾಗದಿದ್ದರೆ ಅದರ ಕಾರಣವನ್ನು ಪಂಚಾಯತು ಅಧ್ಯಕ್ಷರು ಸಭೆಗೆ ತಿಳಿಸಬೇಕು. ಆದರೆ ಮಾಡಿನ ಮಾತು ನಡಾವಳಿ ಪುಸ್ತಕದಲ್ಲಿ ಇಲ್ಲದಿದ್ದರೆ ಕಾರಣ ಹೇಳಬೇಕಾದ ಪ್ರಸಂಗವೇ ಅವರಿಗೆ ಬರುವುದಿಲ್ಲ.