ಬುಲ್ಸ್ ಕೋಚ್‌ಗೆ ಶಾಲು ಹೊದಿಸಿ ಬೀಳ್ಕೊಡಲಿ

22 ಪಂದ್ಯ, 2 ಗೆಲುವು. 12 ತಂಡಗಳಲ್ಲಿ 12ನೇ ಸ್ಥಾನ. ಪ್ರೊ ಕಬಡ್ಡಿ 11ನೇ ಸೀಸನ್‌ನಲ್ಲಿ ಬೆಂಗಳೂರು ಬುಲ್ಸ್ ಲೆಕ್ಕ ಇಷ್ಟೇ. 2024ರಲ್ಲಿ ಆ ಸೀಸನ್ ಮುಗಿದಾಗ ಅರಳಿಕಟ್ಟೆಯಿಂದ ವಾಟ್ಸಾಪ್ ಗ್ರೂಪ್‌ವರೆಗೆ ಇದ್ದದ್ದು ಒಂದೇ ಪ್ರಶ್ನೆ: ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಇರಬೇಕೋ, ಹೋಗಬೇಕೋ?

ಹೋಗಬೇಕು ಅಂದೆವು ನಾವು. ಮರ್ಯಾದೆಯಿಂದ ಕಳಿಸಲಿ, ಆದರೆ ಕಳಿಸಲಿ.

ಅವರ ಋಣ ಸಣ್ಣದಲ್ಲ. 2014ರ ಮೊದಲ ಸೀಸನ್‌ನಿಂದ ತಂಡದ ಜೊತೆಗಿದ್ದರು. 2015ರಲ್ಲಿ ಫೈನಲ್ ಮುಟ್ಟಿದೆವು. 2019ರ ಜನವರಿಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಕಪ್ ಎತ್ತಿದೆವು. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದದ್ದನ್ನು ಮರೆತವರು ಯಾರು? ಆದರೆ 2024ರ ಕೊನೆಗೆ ಅದಾಗಿ ಆರು ವರ್ಷವಾಗುತ್ತ ಬಂದಿತ್ತು. 10ನೇ ಸೀಸನ್‌ನಲ್ಲಿ ಪ್ಲೇಆಫ್ ಸಿಗಲಿಲ್ಲ. 11ನೇ ಸಲ ತಳವನ್ನೇ ಮುಟ್ಟಿದೆವು.

"ಕೋಚ್ ಏನ್ ಮಾಡ್ತಾರೆ, ಆಡೋರು ಆಡ್ಬೇಕಲ್ವಾ?" ಎನ್ನುವವರಿದ್ದಾರೆ. ಸರಿ, ಆದರೆ ಆಡುವವರನ್ನು ಆರಿಸುವಾಗ ಕೋಚ್ ಮಾತಿಗೂ ತೂಕ ಇರುತ್ತದಲ್ಲ? ಪವನ್ 2022ರ ಹರಾಜಿನಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. ಆಮೇಲೆ ಬೆಳೆದ ಭರತ್, ಯುಪಿ ಯೋಧಾಸ್ ಸೇರಿದರು. 11ನೇ ಸೀಸನ್‌ಗೆ 70 ಲಕ್ಷಕ್ಕೆ ಬಂದವರು ಪರ್ದೀಪ್ ನರ್ವಾಲ್. ಲೀಗ್‌ನಲ್ಲೇ ಅತಿ ಹೆಚ್ಚು ರೈಡ್ ಅಂಕ ಅವರದು, ಮೊದಲು ಆಡಿದ್ದೂ ಇದೇ ತಂಡಕ್ಕೆ. ಹಳೇ ಶಿಷ್ಯನ ಮೇಲಿನ ನಂಬಿಕೆ ದೊಡ್ಡ ಗುಣವೇ. ಆದರೆ ಹಳೇ ಹೆಸರು ಮ್ಯಾಟ್ ಮೇಲೆ ಒಂದು ಬೋನಸ್ ಅಂಕವನ್ನೂ ತರುವುದಿಲ್ಲ.

"ಬೇರೆಯವರು ಬಂದ್ರೆ ಗೆಲ್ತಾರಾ?" ಎಂಬುದು ಇನ್ನೊಂದು ಮಾತು. ನಮ್ಮ ರಾಜ್ಯದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಅವರನ್ನು ನೋಡಿ. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಪುಣೇರಿಯಲ್ಲಿ ಅವರು ನಂಬಿದ್ದು ಎಳೇ ಹುಡುಗರನ್ನು. ನಮ್ಮನೆ ದೀಪ ಪಕ್ಕದ ಮನೆಯಲ್ಲಿ ಉರಿಯುತ್ತಿತ್ತು, ನಾವು ಕತ್ತಲಲ್ಲಿ ಕೂತಿದ್ದೆವು.

ಆದರೆ ಕೋಚ್ ತಲೆಗೆ ಎಲ್ಲ ಕಟ್ಟಿ ಮಾಲೀಕರು ಜಾರಿಕೊಳ್ಳುವಂತಿಲ್ಲ. 11ನೇ ಸೀಸನ್ ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ ನಡೆಯಿತು. ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ. ಊರಿನ ಹೆಸರಷ್ಟೇ ನಮ್ಮದಾಗಿ ಉಳಿದರೆ ಅದು ಯಾರ ತಂಡ?

ಹಬ್ಬ ಜಾತ್ರೆ ಬಂದರೆ ನಮ್ಮೂರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಬರಿಗಾಲಲ್ಲಿ, ಮಣ್ಣಿನಲ್ಲಿ ಆಡುವ ಹುಡುಗರನ್ನು ನೋಡಲು ಬುಲ್ಸ್ ಕಡೆಯಿಂದ ಒಬ್ಬರಾದರೂ ಬರಲಿ. ಹೊಸ ಕೋಚ್‌ಗೆ ಕೊಡುವ ಮೊದಲ ಕೆಲಸ ಅದೇ ಆಗಲಿ.

ರಣಧೀರ್ ಸರ್‌ಗೆ ಶಾಲು, ಹಾರ, ದೊಡ್ಡ ನಮಸ್ಕಾರ. ಕುರ್ಚಿ ಮಾತ್ರ ಬೇರೆಯವರಿಗೆ.