ಕಂಪ್ಯೂಟರಿಗೂ ಒಬ್ಬ ಮೆಕ್ಯಾನಿಕ್ಕು ಬೇಕು

ಮಳೆಗಾಲದಲ್ಲಿ ಕೊಡ್ಲಿಪೇಟೆ ಸುತ್ತಿನ ತೋಟದ ಮನೆಗಳಲ್ಲಿ ಇಂಟರ್‌ನೆಟ್ ನಿಂತರೆ ಸದಸ್ಯರು ನಮ್ಮ ಕಚೇರಿಗೇ ಫೋನು ಮಾಡುವುದು ವಾಡಿಕೆಯಾಗಿದೆ. ಅದರಲ್ಲಿ ತಪ್ಪಿಲ್ಲ. ಪಹಣಿಯೂ ಕಂಪ್ಯೂಟರಿನಲ್ಲಿದೆ, ಯುರೋಪ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಂತೆ ಅಲ್ಲಿಗೆ ಹೋಗುವ ಕಾಫಿಗೆ ತೋಟದ ಅಕ್ಷಾಂಶ, ರೇಖಾಂಶ ಬೇಕು.

ಆದರೆ ಫೋನು ಮಾಡುವ ಮುನ್ನ ಪೆಟ್ಟಿಗೆಯ ದೀಪ ನೋಡಿರಿ. ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ದೀಪ ಕೆಂಪಾಗಿದ್ದರೆ ಲೈನಿನ ಬೆಳಕು ಮನೆಗೆ ತಲುಪುತ್ತಿಲ್ಲವೆಂದು ಅರ್ಥ. ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿರಬಹುದು. ಹತ್ತು ಸಲ ಆರಿಸಿ ಹಚ್ಚಿದರೂ ಫಲವಿಲ್ಲ, ಲೈನಿನವರೇ ಬರಬೇಕು. ದೀಪ ಸರಿಯಿದ್ದು ಹಿಂದಿನ ಕೋಣೆಗೆ ಮಾತ್ರ ವೈಫೈ ಬಾರದಿದ್ದರೆ 2.4 ಗಿಗಾಹರ್ಟ್ಸ್‌ಗೆ ಜೋಡಿಸಿರಿ. ದಪ್ಪ ಗೋಡೆಯನ್ನು ಅದು 5ಕ್ಕಿಂತ ಚೆನ್ನಾಗಿ ದಾಟುತ್ತದೆ. ಗುಡುಗಿನ ಮೋಡ ಕಟ್ಟುವಾಗಲೇ ಪ್ಲಗ್ಗು ಕೀಳಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಕರೆಂಟಿನ ತಂತಿಯಲ್ಲಿ ಹರಿಯುತ್ತದೆ.

ಇಷ್ಟಕ್ಕೂ ಮೀರಿದ್ದಕ್ಕೆ ಯಾರನ್ನು ಕೇಳುವುದು? ಬೆಂಗಳೂರಿನ ಮಗ ಹಬ್ಬಕ್ಕೆ ಬರುವವರೆಗೆ ಕಾಯುವುದೇ? ಕಾಯಲಾರದವರು ಫೋನಿನಲ್ಲಿ ಸಿಕ್ಕ ಅಪರಿಚಿತನ ಮಾತು ಕೇಳಿ ಆ್ಯಪ್ ಹಾಕಿಕೊಂಡರೆ ಬ್ಯಾಂಕಿನ ಹಣಕ್ಕೇ ಸಂಚಕಾರ. (ಹಾಗೇನಾದರೂ ಆದರೆ ಕೂಡಲೇ 1930ಕ್ಕೆ ತಿಳಿಸಿರಿ.) ಊರಿನ ಹುಡುಗನನ್ನೋ ಹುಡುಗಿಯನ್ನೋ ತರಬೇತುಗೊಳಿಸಿ, ಸಂಬಳ ಕೊಟ್ಟು ಸಂಘವೇ ಇಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಪುಕ್ಕಟೆ ಸೇವೆ ನಾಲ್ಕು ದಿನ ನಡೆದೀತು. ಮಹಾಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇವೆ.