ರಜೆಗೂ ಬೇಕು ಒಂದಿಷ್ಟು ರಜೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮಕ್ಕಳು ಮರಿ ಕಟ್ಟಿಕೊಂಡು ನಾಲ್ಕು ದಿನ ಊರೂರು ಸುತ್ತುವ ರೂಢಿ ಆ ಕಾಲದಲ್ಲೂ ಇದ್ದಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತು. ದಸರಾ ರಜೆ ಹತ್ತಿರ ಬಂದಂತೆ ಅನೇಕ ಮನೆಗಳಲ್ಲಿ ಮಾತು ಬಿರುಸಾಗುತ್ತದೆ. ಎಲ್ಲಿಗೆ ಹೋಗುವುದು? ರೈಲೋ, ಬಾಡಿಗೆ ವ್ಯಾನೋ? ಅಜ್ಜಿಯ ಮಂಡಿನೋವಿಗೆ ಏನು ಮಾಡುವುದು? ತುಳಸಿ ಗಿಡಕ್ಕೆ ನೀರು ಹಾಕುವವರು ಯಾರು? ಎಲ್ಲ ಮುಗಿಸಿ ಹಿಂತಿರುಗಿದ ದಿನ ಮನೆಯಾಕೆ ಚೀಲ ಕೆಳಗಿಟ್ಟು ಹೇಳುವ ಮಾತು ಒಂದೇ: ‘ಸದ್ಯ, ಮನೆ ಸೇರಿದೆವಲ್ಲ!’

ದಣಿವಾರಿಸಿಕೊಳ್ಳಲು ಹೋದವರು ದಣಿದು ಬರುವುದೇಕೆ? ನೆದರ್ಲೆಂಡಿನ 1530 ಮಂದಿಯನ್ನು ಕುರಿತ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 974 ಮಂದಿ ಪ್ರವಾಸ ಹೋಗಿಬಂದವರು. ಹೊರಡುವ ಮುಂಚೆ ಇವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಬಂದ ಮೇಲೆ ಬಹುತೇಕ ಮಂದಿಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ‘ಪ್ರವಾಸ ಬಹಳ ನಿರಾಳವಾಗಿತ್ತು’ ಎಂದವರಲ್ಲಿ ಮಾತ್ರ ಸಂತೋಷ ಕೆಲವು ದಿನ ಉಳಿದಿತ್ತು. ಎಷ್ಟು ಊರು ನೋಡಿದರು ಎನ್ನುವುದಕ್ಕಿಂತ ಎಷ್ಟು ನಿರಾಳವಾಗಿ ನೋಡಿದರು ಎನ್ನುವುದೇ ಮುಖ್ಯವೆಂದಾಯಿತು.

ಎರಡು ಪುಟ್ಟ ಗ್ರಂಥಿಗಳು

ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಗ್ರಂಥಿಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಅಪಾಯ ಎದುರಾದಾಗ ಇವು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಿಂದೆಯೇ ಕಾರ್ಟಿಸಾಲ್ ಎಂಬ ಮತ್ತೊಂದು ಹಾರ್ಮೋನು ಬಂದು ರಕ್ತದಲ್ಲಿ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ಹುಲಿ ಕಂಡಾಗ ಓಡಲು ಇದು ಬೇಕು. ಆದರೆ ಶರೀರಕ್ಕೆ ಹುಲಿಯೂ ಒಂದೇ, ಹೊರಟು ನಿಂತ ರೈಲೂ ಒಂದೇ. ಪ್ಲಾಟ್‌ಫಾರಂ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಓಡುವವನ ಮೈಯಲ್ಲೂ ಇದೇ ನಡೆಯುತ್ತದೆ. ದಿನಕ್ಕೆ ಒಮ್ಮೆ ಆದರೆ ಅದು ತಾನಾಗಿ ಇಳಿಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಗಡಿಯಾರ ನೋಡುತ್ತಲೇ ಇದ್ದರೆ ಇಳಿಯಲು ಅವಕಾಶವೇ ಸಿಗುವುದಿಲ್ಲ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಡುಕು ಬರುತ್ತದೆ.

ಲೆಕ್ಕ ತಪ್ಪುವುದೆಲ್ಲಿ?

ಮಂಡ್ಯದ ಒಂದು ಕುಟುಂಬ ಉತ್ತರ ಕರ್ನಾಟಕ ನೋಡಲು ಹೊರಟಿತೆನ್ನಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ, ಜೊತೆಗೆ ಭಾವನ ಮನೆಯವರು. ಗುರುವಾರ ರಾತ್ರಿ ಹತ್ತಕ್ಕೆ ಬಾಡಿಗೆ ವ್ಯಾನಿನಲ್ಲಿ ಹೊರಡುವುದು. ಶುಕ್ರವಾರ ಹಂಪಿ, ಸಂಜೆ ತುಂಗಭದ್ರಾ ಅಣೆಕಟ್ಟು. ಶನಿವಾರ ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ. ಭಾನುವಾರ ಕೂಡಲಸಂಗಮ, ಆಲಮಟ್ಟಿ, ವಿಜಯಪುರದ ಗೋಳಗುಮ್ಮಟ. ಅಂದು ರಾತ್ರಿಯೇ ಹೊರಟು ಸೋಮವಾರ ಬೆಳಗ್ಗೆ ಊರು, ಹತ್ತಕ್ಕೆ ಕಚೇರಿ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಆದರೆ ಈ ಪಟ್ಟಿಯಲ್ಲಿ ಒಂಬತ್ತು ಜನ ಶೌಚಾಲಯಕ್ಕೆ ಹೋಗಿಬರುವ ಸಮಯವಿಲ್ಲ. ಹೋಟೆಲಿನಲ್ಲಿ ದೋಸೆಗೆ ಕಾಯುವ ಅರ್ಧ ಗಂಟೆಯಿಲ್ಲ. ಬಾದಾಮಿಯ ಗುಹೆಗಳ ಮೆಟ್ಟಿಲನ್ನು ಅಜ್ಜಿ ಹತ್ತುವ ವೇಗದ ಲೆಕ್ಕವಿಲ್ಲ. ಪುರಾತತ್ತ್ವ ಇಲಾಖೆಯ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರವೇ ವಾರದ ರಜೆ ಎಂಬುದೂ ಬಾಗಿಲಿಗೆ ಹೋದ ಮೇಲೆ ತಿಳಿಯುತ್ತದೆ.

ಇದು ಒಂದು ಮನೆಯ ದಡ್ಡತನವಲ್ಲ, ಮನುಷ್ಯನ ಮನಸ್ಸಿನ ಗುಣ. 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ ಇದನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದರು. 1994ರಲ್ಲಿ ಕೆನಡಾದ ಸಂಶೋಧಕರು, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ವಿದ್ಯಾರ್ಥಿಗಳನ್ನು ಕೇಳಿದರು. ಅವರು ಅಂದಾಜು ಮಾಡಿದ್ದು ಸರಾಸರಿ 34 ದಿನ; ಹಿಡಿದದ್ದು 55 ದಿನಕ್ಕೂ ಹೆಚ್ಚು. ಕೆಲಸ ಹೇಗೆ ನಡೆಯಬೇಕು ಎಂಬುದನ್ನು ಮನಸ್ಸು ಚಿತ್ರಿಸಿಕೊಳ್ಳುತ್ತದೆಯೇ ಹೊರತು, ಕಳೆದ ಸಲ ಹೇಗೆ ನಡೆಯಿತು ಎಂಬುದನ್ನಲ್ಲ. ಆದ್ದರಿಂದ ಪಟ್ಟಿ ಬರೆಯುವಾಗ ಕೇಳಬೇಕಾದ ಪ್ರಶ್ನೆ, ‘ಎಷ್ಟು ಹೊತ್ತು ಸಾಕು?’ ಎಂದಲ್ಲ, ‘ಹೋದ ಸಲ ಎಷ್ಟು ಹೊತ್ತು ಹಿಡಿಯಿತು?’ ಎಂದು.

ಹಳಿಯ ನಡುವಿನ ಸಂದು

ಹಿಂದಿನ ರೈಲು ಹಳಿಗಳ ಜೋಡಣೆಯಲ್ಲಿ ತುಂಡು ತುಂಡಿನ ನಡುವೆ ಸಣ್ಣ ಸಂದು ಬಿಡುತ್ತಿದ್ದುದನ್ನು ಶಾಲೆಯ ಮಕ್ಕಳೂ ಬಲ್ಲರು. 13 ಮೀಟರ್ ಉದ್ದದ ಉಕ್ಕಿನ ಹಳಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಹಳಿ ಡೊಂಕಾದೀತು. ಪ್ರವಾಸದ ಪಟ್ಟಿಗೂ ಇಂಥ ಸಂದು ಬೇಕು. ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಬಿಸಿಲಿನ ಹೊತ್ತು ಖಾಲಿ ಎಂದಿಟ್ಟುಕೊಂಡರೆ ಒಂದು ಗಂಟೆ ತಡವಾದರೂ ಯಾರೂ ಯಾರನ್ನೂ ಗದರಬೇಕಾಗಿಲ್ಲ.

ಮಂಡ್ಯದ ಕುಟುಂಬ ಹಂಪಿ ಮತ್ತು ಬಾದಾಮಿ ಎರಡನ್ನೇ ಆರಿಸಿಕೊಂಡು ಎರಡೆರಡು ರಾತ್ರಿ ತಂಗಬಹುದು. ಪಟ್ಟದಕಲ್ಲು, ಐಹೊಳೆ ಬಾದಾಮಿಗೆ ಹತ್ತಿರ, ಆರಾಮವಾಗಿ ಹೋಗಿಬರಬಹುದು. ವಿಜಯಪುರ ಮುಂದಿನ ವರ್ಷಕ್ಕಿರಲಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಆ ಗುಮ್ಮಟ ಇನ್ನೊಂದು ವರ್ಷ ಕಾಯಲಾರದೆ?

ಎರಡು ರಾತ್ರಿ ಏಕೆಂದರೆ, ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಚೆನ್ನಾಗಿ ಬರುವುದಿಲ್ಲ. ಇದು ಹಾಸಿಗೆಯ ತಪ್ಪೇ ಆಗಬೇಕಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ಜಾಗದ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗಲಿಲ್ಲ. ಅರ್ಧ ಮೆದುಳು ಕಾವಲು ಕಾಯುತ್ತದೆ. ದಿನಕ್ಕೊಂದು ಊರಿನಲ್ಲಿ ಮಲಗುವವರಿಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ.

ಸ್ಟೀರಿಂಗ್ ಹಿಡಿದವನ ನಿದ್ದೆ

ಇಡೀ ಪಟ್ಟಿಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯಕ್ತಿ ವ್ಯಾನಿನ ಚಾಲಕ. ಗುರುವಾರ ರಾತ್ರಿ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿದವನು ಹಗಲಿಡೀ ವಾಹನ ನಿಲ್ಲಿಸುವ ಜಾಗದ ಬಿಸಿಲಿನಲ್ಲಿ ಸೀಟಿನ ಮೇಲೆಯೇ ಮುದುಡಿಕೊಂಡು ಮಲಗಬೇಕು. ಭಾನುವಾರ ರಾತ್ರಿ ವಿಜಯಪುರದಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಅವನೇ ಓಡಿಸಬೇಕು. ಮೈಯೊಳಗಿನ ಗಡಿಯಾರ ರಾತ್ರಿ ಎರಡರಿಂದ ಐದರವರೆಗೆ ಅತಿ ಹೆಚ್ಚು ನಿದ್ದೆ ತರಿಸುತ್ತದೆ. ಆಗ ಕಣ್ಣು ತೆರೆದಿದ್ದರೂ ಕೆಲವು ಸೆಕೆಂಡು ಮೆದುಳು ಮಲಗಿಬಿಡಬಹುದು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ನಾಲ್ಕು ಸೆಕೆಂಡಿನಲ್ಲಿ ಸುಮಾರು 89 ಮೀಟರ್ ಸಾಗುತ್ತದೆ. ಚಹಾ ಕುಡಿಸುವುದು, ಹಾಡು ಹಾಕುವುದು, ಪಕ್ಕದಲ್ಲಿ ಕುಳಿತು ಮಾತಾಡಿಸುವುದು ಯಾವುದೂ ನಿದ್ದೆಗೆ ಬದಲಿಯಲ್ಲ. ನಿದ್ದೆಗೆ ಮದ್ದು ನಿದ್ದೆಯೇ.

ರಾತ್ರಿ ಪ್ರಯಾಣ ಬೇಕೆಂದರೆ ರೈಲು ಹಿಡಿಯುವುದು ಲೇಸು. ಮೈಸೂರಿನಿಂದ ಮಂಡ್ಯ, ಬೆಂಗಳೂರು ದಾಟಿ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದಕ್ಕೆ ಸ್ಥಳೀಯ ವಾಹನ. ರೈಲಿನ ಟಿಕೆಟ್ ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನವಾಗಿದೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಈಗಲೇ ಗುರುತು ಹಾಕಿಟ್ಟರೆ ಕೊನೆಗಳಿಗೆಯ ಪರದಾಟ ತಪ್ಪುತ್ತದೆ.

ತಲೆಯಿಂದ ಕಾಗದಕ್ಕೆ

ಹೊರಡುವ ಮುಂಚಿನ ಆತಂಕಕ್ಕೆ ಕೆಲಸದ ಭಾರಕ್ಕಿಂತ ತೀರ್ಮಾನವಾಗದೆ ಉಳಿದ ಕೆಲಸಗಳ ಭಾರವೇ ಹೆಚ್ಚಿನ ಕಾರಣ. ಮಾಡಿ ಮುಗಿಸದ ಕೆಲಸ ಬೇರೆ ಕೆಲಸದ ನಡುವೆ ಮತ್ತೆ ಮತ್ತೆ ನೆನಪಿಗೆ ಬಂದು ಕಾಡುತ್ತದೆ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ಕಂಡುಕೊಂಡ ಸಂಗತಿ ಸೊಗಸಾಗಿದೆ: ಆ ಕೆಲಸ ಮುಗಿಯಲೇಬೇಕೆಂದಿಲ್ಲ, ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಕಾಟ ತಗ್ಗುತ್ತದೆ. ‘ಹಾಲಿನವನಿಗೆ ಹೇಳಬೇಕು’ ಎಂದು ತಲೆಯಲ್ಲಿ ಇಟ್ಟುಕೊಳ್ಳುವ ಬದಲು, ‘ಬುಧವಾರ ಬೆಳಗ್ಗೆ ಹಾಲಿನವನಿಗೆ ಹೇಳುವುದು – ಮಗ’ ಎಂದು ಬರೆದು ಗೋಡೆಗೆ ಅಂಟಿಸಿದರೆ ಸಾಕು.

ಆ ‘ಮಗ’ ಎಂಬ ಪದ ಬಹಳ ಮುಖ್ಯ. ಹೆಚ್ಚಿನ ಮನೆಗಳಲ್ಲಿ ಪಟ್ಟಿಯೆಲ್ಲ ಒಬ್ಬಳೇ ಹೆಂಗಸಿನ ತಲೆಯಲ್ಲಿರುತ್ತದೆ. ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೂ ಆಕೆ ಚಪಾತಿ ಲಟ್ಟಿಸುತ್ತಿರುತ್ತಾಳೆ, ಚಟ್ನಿಪುಡಿ ಕಟ್ಟುತ್ತಿರುತ್ತಾಳೆ. ಅಜ್ಜಿಯ ರಕ್ತದೊತ್ತಡದ ಮಾತ್ರೆ, ಮಕ್ಕಳ ಸ್ವೆಟರು, ಗಂಡನ ಚಾರ್ಜರು ಎಲ್ಲವೂ ಅವಳ ನೆನಪಿನ ಮೇಲೆಯೇ ನಿಂತಿವೆ. ಬಸ್ಸು ಹತ್ತಿದ ಮೇಲೆ ಮಾತ್ರೆಯ ಡಬ್ಬಿ ಸಿಗದಿದ್ದರೆ ಬೈಗುಳವೂ ಅವಳಿಗೇ. ಪ್ರತಿ ಕೆಲಸದ ಮುಂದೆ ಒಂದು ಹೆಸರು ಬರೆದರೆ ಈ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಕಂಡರೆ ತಿದ್ದುವುದು ಸುಲಭ. ಹತ್ತು ವರ್ಷದ ಮಗು ತನ್ನ ಬಟ್ಟೆ ತಾನೇ ಎಣಿಸಿ ಇಡಬಲ್ಲದು. ಮಾತ್ರೆ ಮತ್ತು ವೈದ್ಯರ ಚೀಟಿ ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಅಜ್ಜಿಯ ಕೈಚೀಲದಲ್ಲೇ ಇರಲಿ.

ಬಾಗಿಲಿಗೆ ಬೀಗ ಹಾಕುವಾಗ ಒಬ್ಬರೇ ಒಂದು ಚೀಟಿ ಹಿಡಿದು ಗ್ಯಾಸಿನ ರೆಗ್ಯುಲೇಟರ್, ನೀರಿನ ನಲ್ಲಿ, ಮೋಟರಿನ ಸ್ವಿಚ್, ಹಿತ್ತಲ ಬಾಗಿಲು ನೋಡಿ ಒಂದೊಂದಕ್ಕೂ ಗೀಟು ಹಾಕಲಿ. ಚಿತ್ರದುರ್ಗ ದಾಟಿದ ಮೇಲೆ ‘ಗ್ಯಾಸ್ ಆರಿಸಿದೆವೋ ಇಲ್ಲವೋ’ ಎಂದು ಯಾರಿಗಾದರೂ ಎದೆ ಧಸಕ್ಕೆಂದರೆ ಚೀಟಿ ತೆಗೆದು ತೋರಿಸಬಹುದು.

ಬಂದ ಮೇಲೆ

ಪ್ರವಾಸದ ಕೊನೆಯ ದಿನ ಊರಿನ ದಾರಿಯಲ್ಲಿ ಮುಗಿಯಬಾರದು, ಮನೆಯಲ್ಲಿ ಮುಗಿಯಬೇಕು. ಸೋಮವಾರ ಕಚೇರಿಯಿದ್ದರೆ ಶನಿವಾರ ಸಂಜೆಯೊಳಗೆ ಮನೆ ಸೇರಲಿ. ಭಾನುವಾರ ಬಟ್ಟೆ ಒಗೆಯಲು, ಅನ್ನ ಸಾರು ಉಣ್ಣಲು, ಮಧ್ಯಾಹ್ನ ಮಲಗಲು ಮೀಸಲಾಗಲಿ. ಒಂದು ದಿನ ವ್ಯರ್ಥವಾಯಿತೆಂದು ಹಲುಬುವವರು ಒಂದು ಲೆಕ್ಕ ನೋಡಬೇಕು. ರಜೆಯ ಲಾಭ ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಬಹುಮಟ್ಟಿಗೆ ಕರಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಇರುವ ಅಷ್ಟು ಲಾಭವನ್ನೂ ಸೋಮವಾರ ಬೆಳಗಿನ ತೂಕಡಿಕೆಯಲ್ಲಿ ಕಳೆಯುವುದು ಯಾವ ಜಾಣತನ?

ಮುಂದಿನ ರಜೆಯ ಪಟ್ಟಿ ಬರೆಯಲು ಕುಳಿತವರು ಮೊದಲು ಊರುಗಳ ಹೆಸರು ಬರೆಯುವುದು ಬೇಡ. ಯಾರು ಎಷ್ಟು ಹೊತ್ತು ಮಲಗುತ್ತಾರೆ ಎಂದು ಬರೆಯಲಿ: ಅಜ್ಜಿ, ಮಕ್ಕಳು, ಅಡುಗೆ ಮಾಡುವಾಕೆ, ವಾಹನ ಓಡಿಸುವವನು. ಉಳಿದ ಜಾಗದಲ್ಲಿ ಎಷ್ಟು ಊರು ಹಿಡಿಸುತ್ತವೋ ಅಷ್ಟನ್ನು ನೋಡಿ ಬರಲಿ.